ಮಳೆಗಾಲದ ಹೊಗೆ ವಾಸನೆ: ನಮ್ಮ ಮನೆಯಲ್ಲಿ ತೆಗೆದದ್ದು ಹೀಗೆ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಈಗಲೂ ಬಚ್ಚಲ ಒಲೆ ಉರಿಯುತ್ತದೆ. ಅದರ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವುವುದು ಮೊದಲಿಂದ ಬಂದ ರೂಢಿ. ಸೌದೆಯೂ ತೋಟದ್ದೇ: ಸಿಲ್ವರ್ ಓಕ್ ಕೊಂಬೆ, ಕಿತ್ತು ಹಾಕಿದ ಕಾಫಿ ಗಿಡದ ಬುಡ. ಹಸಿ ಆರದ ಸೌದೆ ಇಟ್ಟರಂತೂ ಹೊಗೆ ಜಾಸ್ತಿ. ಬಟ್ಟೆ ಒಣಗುತ್ತದೆ, ವಾಸನೆಯೂ ಕೂರುತ್ತದೆ.

ಮೇಲಿನ ರೂಮ್‌ಗಳನ್ನು ಹೋಂಸ್ಟೇಗೆ ಕೊಡಲು ಶುರುಮಾಡಿದ ಮೇಲೆ ಈ ವಾಸನೆಯನ್ನು ಹಾಗೇ ಬಿಡುವಂತಿರಲಿಲ್ಲ. "ಅಕ್ಕಾ, ಈ ಹೊದಿಕೆ ಒಗೆದಿದ್ದೇ ಅಲ್ವಾ?" ಎಂದು ಬಂದವರು ಕೇಳಿದರೆ ಹೌದು ಅನ್ನಬಹುದು, ಆದರೆ ಮೂಗು ನಂಬುವುದಿಲ್ಲ.

ನಾನು ಬಟ್ಟೆಯಿಂದ ಶುರುಮಾಡುವುದಿಲ್ಲ, ಗೋಡೆಯಿಂದ. ಮರ ಉರಿದಾಗ ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ಗ್ವಾಯಕಾಲ್‌ನಂಥ ಫೀನಾಲ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಆ ಸುಟ್ಟ ವಾಸನೆ ಅವುಗಳದ್ದು. ಇವು ಮಸಿ, ಜಿಡ್ಡಿನ ಜೊತೆ ಗೋಡೆ, ಹಲಗೆ ಮಾಳಿಗೆ, ಪರದೆ ಎಲ್ಲಕ್ಕೂ ಅಂಟುತ್ತವೆ. ಬೇಸಿಗೆಯಲ್ಲಿ ಸುಮ್ನೆ ಇರುತ್ತವೆ. ಮೊದಲ ಮಳೆ ಬಿದ್ದು ಗಾಳಿ ತೇವವಾದ ಕೂಡಲೇ ಮತ್ತೆ ಏಳುತ್ತವೆ. ಗೋಡೆ ಹಾಗೇ ಬಿಟ್ಟು ಬಟ್ಟೆ ಎಷ್ಟು ಒಗೆದರೂ ಒಂದು ವಾರದಲ್ಲಿ ವಾಸನೆ ವಾಪಸ್ ಬರುತ್ತದೆ.

ಗೋಡೆಗೆ ಮೊದಲು ನೀರು ಮುಟ್ಟಿಸಬಾರದು. ಪೊರಕೆಗೆ ಒಣ ಹತ್ತಿ ಬಟ್ಟೆ ಸುತ್ತಿ, ಸೂರಿನಿಂದ ಜೋತಾಡುವ ಇಲ್ಲಣವನ್ನು (ಮಸಿ ಹಿಡಿದ ಬಲೆ) ಒತ್ತದೆ ಎಳೆದುಕೊಳ್ಳಬೇಕು. ಬಟ್ಟೆ ಕಪ್ಪಾದ ಹಾಗೆ ಮಗ್ಗುಲು ಬದಲಿಸಬೇಕು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಮಸಿ ಗಾರೆಯೊಳಗೆ ಇಳಿಯುತ್ತದೆ, ಆಮೇಲೆ ಯಾರಿಂದಲೂ ಆಗುವುದಿಲ್ಲ. ಇಷ್ಟಾದ ಮೇಲೆ ಬೆಚ್ಚಗಿನ ಸೋಪಿನ ನೀರಲ್ಲಿ ಕೆಳಗಿನಿಂದ ಮೇಲಕ್ಕೆ ಒರೆಸುತ್ತೇನೆ. ಮೇಲಿಂದ ಶುರುಮಾಡಿದರೆ ಕಪ್ಪು ನೀರು ಒಣ ಗೋಡೆ ಮೇಲೆ ಇಳಿದು ಗೆರೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಬಣ್ಣ. ಮಸಿ ತೆಗೆಯದೆ ಬಣ್ಣ ಬಳಿದರೆ ಹಳದಿ ಕಲೆಯೂ ವಾಸನೆಯೂ ಮೇಲೆ ಬಂದೇ ಬರುತ್ತವೆ. ಬೀರು, ಮಂಚದ ಅಡಿಭಾಗವನ್ನೂ ಒರೆಸಿ. ಪಾಲಿಶ್ ಇಲ್ಲದ ಬರೀ ಮರ ಹೊಗೆಯನ್ನು ಚೆನ್ನಾಗಿ ಹೀರುತ್ತದೆ.

ಇನ್ನು ಬಟ್ಟೆ. ಎಲ್ಲ ಹೊಗೆಗೂ ಒಂದೇ ಮದ್ದಲ್ಲ. ಸಿಗರೇಟಿನ ನಿಕೋಟಿನ್ ಕ್ಷಾರದ ಗುಣದ್ದು, ಅದಕ್ಕೆ ವಿನಿಗರ್ ಚೆನ್ನಾಗಿ ಹಿಡಿಯುತ್ತದೆ. ಸೌದೆ ಹೊಗೆಯ ಜಿಡ್ಡು ಹುಳಿಯ ಗುಣದ್ದು, ಅದಕ್ಕೆ ಸೋಡ. ಹತ್ತಿಯ ಹೊದಿಕೆ, ಪರದೆ, ಟವೆಲ್‌ಗಳನ್ನು ಮೊದಲು ಹೊರಗೆ ಜೋರಾಗಿ ಕೊಡವುತ್ತೇನೆ. ಆಮೇಲೆ ಒಂದು ಬಕೆಟ್ ಉಗುರು ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡ ಹಾಕಿ ಒಂದು ಗಂಟೆ ನೆನೆಸಿ, ಮಾಮೂಲಿ ಸೋಪಲ್ಲಿ ಒಗೆಯುತ್ತೇನೆ. ಅತಿಥಿಗಳು ಸಿಗರೇಟು ಸೇದಿದ ರೂಮಿನ ಬಟ್ಟೆಗೆ ಸೋಡದ ಬದಲು ಒಂದು ಕಪ್ ಬಿಳಿ ವಿನಿಗರ್. ಎರಡನ್ನೂ ಒಂದೇ ಬಕೆಟ್‌ಗೆ ಹಾಕಿದರೆ ನೊರೆ ಬರುತ್ತದೆ ಅಷ್ಟೇ, ಒಂದು ಇನ್ನೊಂದರ ಶಕ್ತಿ ಕಳೆಯುತ್ತದೆ. ವಿನಿಗರ್ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಪ್ರಾಣಕ್ಕೆ ಅಪಾಯ. ಮನೆಯಲ್ಲಿ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಇದೆಯಲ್ಲ, ಅದೂ ಹುಳಿಯೇ ತಾನೇ ಎಂದು ಹಾಕಲೂಬೇಡಿ. ಅದು ಪಂದಿಕರಿಗೆ, ಹಂದಿ ಮಾಂಸದ ಸಾರಿಗೆ. ಬಟ್ಟೆಗೆ ತಾಗಿದರೆ ಕಪ್ಪು ಕಲೆ.

ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿ, ಡ್ರೈಯರ್ ಎರಡೂ ಬೇಡ. ಬಿಸಿಗೆ ಆ ಜಿಡ್ಡು ನೂಲಿನಲ್ಲೇ ಗಟ್ಟಿಯಾಗುತ್ತದೆ.

ಜಾಸ್ತಿ ಜೋಪಾನ ಬೇಕಾದದ್ದು ಕುಪ್ಯಕ್ಕೆ, ಅಂದರೆ ಕೊಡವ ಗಂಡಸರು ಹಬ್ಬ, ಮದುವೆಗೆ ಹಾಕುವ ಕಪ್ಪು ನಿಲುವಂಗಿಗೆ. ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಪೆಟ್ಟಿಗೆ ತೆಗೆದರೆ ಹೊಗೆ, ಮುಗ್ಗಲು ಎರಡೂ ಸೇರಿದ ವಾಸನೆ. ನಮ್ಮ ಮಾವನವರ ಕುಪ್ಯ ಉಣ್ಣೆಯದ್ದು, ಅದಕ್ಕೆ ಸೋಡ ಮುಟ್ಟಿಸುವಂತಿಲ್ಲ. ಉಣ್ಣೆ, ರೇಷ್ಮೆ ಎರಡನ್ನೂ ಕ್ಷಾರ ತಿನ್ನುತ್ತದೆ. ಅಗಲ ಹ್ಯಾಂಗರ್‌ಗೆ ಹಾಕಿ, ಮುಂಭಾಗ ಬಿಚ್ಚಿಟ್ಟು, ಜಗಲಿಯಲ್ಲಿ ಗಾಳಿ ಆಡುವ ಕಡೆ ತೂಗುಹಾಕುತ್ತೇನೆ. ನೇರ ಬಿಸಿಲಿಗೆ ಕಪ್ಪು ಬಣ್ಣ ಕೆಂಪಾಗುತ್ತದೆ. ಮೆತ್ತನೆ ಬ್ರಷ್‌ನಿಂದ ಎಳೆ ಹೋದ ಕಡೆಗೇ ಬಾಚಬೇಕು. ಕುತ್ತಿಗೆಯ ಭಾಗ, ಕಂಕುಳು, ಒಳಗಿನ ಅಸ್ತರು, ಈ ಮೂರು ಕಡೆ ಮೂಗಿಟ್ಟು ನೋಡಿ, ವಾಸನೆ ಅಡಗುವುದು ಅಲ್ಲೇ. ಆಮೇಲೂ ಉಳಿದರೆ ಡ್ರೈ ಕ್ಲೀನಿಂಗ್‌ಗೆ ಕೊಡುತ್ತೇನೆ, ಹೊಗೆ ವಾಸನೆಗೆ ಎಂದು ಬಾಯಿಬಿಟ್ಟು ಹೇಳಿ. ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ಚೇಲೆ, ಜರಿ ಸೀರೆಗೂ ಇದೇ ದಾರಿ. ವಾಪಸ್ ಇಡುವಾಗ ಪೆಟ್ಟಿಗೆ ಮೂಲೆಯಲ್ಲಿ ಹತ್ತಿ ಚೀಲದಲ್ಲಿ ಕಟ್ಟಿದ ಇದ್ದಿಲು. ಕಾಫಿ ಪುಡಿ ಇಡುವವರು ನಮ್ಮಲ್ಲಿ ಬಹಳ. ಅದರಿಂದ ಕಾಫಿ ಘಮ ಮೇಲೆ ಬರುತ್ತದೆ, ಹೊಗೆ ಅಡಿಯಲ್ಲೇ ಇರುತ್ತದೆ. ಸೆಂಟು, ಊದುಬತ್ತಿಯೂ ಅಷ್ಟೇ. ಊದುಬತ್ತಿಯಂತೂ ಇನ್ನೊಂದು ಹೊಗೆ.

ಹತ್ತಿ ಹಾಸಿಗೆಗೆ ಅಡುಗೆ ಸೋಡ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡುತ್ತೇನೆ. ಕಾಫಿ ಕೊಯ್ಲು ಮುಗಿದು ಮಾರ್ಚ್‌ನಲ್ಲಿ ಕಣ ಖಾಲಿಯಾದಾಗ ಎಲ್ಲ ಹಾಸಿಗೆಯೂ ಅಲ್ಲಿಗೆ. ಸಿಮೆಂಟಿನ ಕಾವು ಕೆಳಗಿನಿಂದ, ಬಿಸಿಲು ಮೇಲಿನಿಂದ. ಮಗ್ಗುಲು ತಿರುಗಿಸಿ ಕೋಲಿನಿಂದ ಬಡಿದರೆ ಧೂಳಿನ ಜೊತೆ ವಾಸನೆಯೂ ಹೋಗುತ್ತದೆ. ಫೋಮ್ ದಿಂಬಿನ ಮೇಲೆ ಆಸೆ ಬಿಡಿ. ಒಳಗಿನ ಸಣ್ಣ ತೂತುಗಳಿಗೆ ಹೊಕ್ಕ ಹೊಗೆ ಬರುವುದಿಲ್ಲ. ಹೊಸದು ತಂದರೆ ಲಾಭ.

ವಾಸನೆ ನಿಜವಾಗಿ ಹೋಗಿದೆಯಾ ಎಂದು ನೋಡಲು, ಬಟ್ಟೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ಗಂಟೆ ಬಿಡಿ. ಬಾಯಿ ಬಿಚ್ಚಿದ ತಕ್ಷಣ ಮೂಸಿ. ಆಗಲೂ ಏನೂ ಬರದಿದ್ದರೆ ಜೂನ್ ಮಳೆಗೂ ಬರುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಒಂದು ಚೂರು ಬಂದರೂ ಮತ್ತೆ ಸೋಡ ನೀರಿಗೆ. ಮನೆಯವರ ಮೂಗಿಗೆ ಕೊಡಬೇಡಿ, ನಮಗೆಲ್ಲ ಆ ವಾಸನೆ ರೂಢಿಯಾಗಿರುತ್ತದೆ. ನಾನು ಪಕ್ಕದ ಮನೆಯವರನ್ನು ಕರೆದು ಮೂಸಲು ಹೇಳುತ್ತೇನೆ.

ಈಗ ಬಚ್ಚಲ ಒಲೆ ಮೇಲೆ ತೋಟದ ಕೆಲಸದ ಬಟ್ಟೆ ಮಾತ್ರ. ಅತಿಥಿಗಳ ಹೊದಿಕೆ, ಟವೆಲ್ ಒಣಗಲು ಮೇಲೆ ಒಂದು ಸಣ್ಣ ಕೋಣೆ ಬಿಟ್ಟಿದ್ದೇವೆ. ಒಂದು ಫ್ಯಾನು, ತೇವ ಹೀರುವ ಒಂದು ಮಿಷನ್ನು, ಬಾಗಿಲು ಮುಚ್ಚಿದ್ದೇ ಇರುತ್ತದೆ. ಹೊಗೆ ಗೂಡನ್ನು ಮೇ ತಿಂಗಳಲ್ಲೇ ಗುಡಿಸಿಬಿಡುತ್ತೇವೆ.