ದೊಡ್ಡ ಟೈರಿಗೆ ತಕ್ಕ ಆಕ್ಸಲ್ ಗೇರ್: ಆರಿಸುವುದು ಹೇಗೆ?

ದೊಡ್ಡ ಟೈರ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಬಂದ ದಿನ ಗಾಡಿ ಎತ್ತರವಾಗಿ ನಿಂತ ಭಂಗಿ ನೋಡಿ ಮನಸ್ಸು ಹಿಗ್ಗುತ್ತದೆ. ಮೊದಲ ಏರು ಎದುರಾದಾಗ ಆ ಹಿಗ್ಗು ಇಳಿಯುತ್ತದೆ. ನಾಲ್ಕನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಜಾಗದಲ್ಲಿ ಮೂರಕ್ಕೆ ಇಳಿಯಬೇಕಾಗುತ್ತದೆ. ಕೊನೆಯ ಗೇರು ಇದ್ದೂ ಇಲ್ಲದಂತಾಗುತ್ತದೆ. ಕಲ್ಲುಹಾದಿಯಲ್ಲಿ ತೆವಳುವಾಗ ಗಾಡಿ ನಮಗೆ ಬೇಕಾದದ್ದಕ್ಕಿಂತ ಜೋರಾಗಿ ಮುಂದೆ ಹೋಗುತ್ತದೆ, ಕಾಲು ಮತ್ತೆ ಮತ್ತೆ ಕ್ಲಚ್ ಹುಡುಕುತ್ತದೆ. ಆಟೊಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಎರಡು ಗೇರುಗಳ ನಡುವೆ ಹೊಯ್ದಾಡುತ್ತ ಬಿಸಿಯೇರುತ್ತದೆ. ಎಂಜಿನ್ ಹಳೆಯದೇ, ಅದರ ಶಕ್ತಿಯೂ ಹಳೆಯದೇ. ಬದಲಾದದ್ದು ಎಂಜಿನ್ನಿಗೂ ನೆಲಕ್ಕೂ ನಡುವಿನ ಲೆಕ್ಕ. ಅದನ್ನು ಸರಿಪಡಿಸುವ ನೇರ ದಾರಿ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್, ಅಂದರೆ ಒಂದಕ್ಕೊಂದು ಕಚ್ಚಿ ತಿರುಗುವ ದೊಡ್ಡ ಮತ್ತು ಸಣ್ಣ ಹಲ್ಲುಚಕ್ರಗಳ ಜೋಡಿಯನ್ನು ಬದಲಿಸುವುದು.

ಬೇರೆಯವರ ಗಾಡಿಗೆ ಹೊಂದಿದ ಗೇರ್ ಅನುಪಾತದ ಸಂಖ್ಯೆಯನ್ನು ಕಣ್ಣುಮುಚ್ಚಿ ನಿಮ್ಮ ಗಾಡಿಗೆ ತರಬೇಡಿ. ಅರ್ಧ ದಿನ ಕೂತು ನಿಮ್ಮ ಗಾಡಿಯನ್ನೇ ಅಳೆಯಿರಿ.

ಸಂಖ್ಯೆಯ ಅರ್ಥ

ಆಕ್ಸಲ್ ಅನುಪಾತ 4.10 ಎಂದರೆ ಚಕ್ರ ಒಂದು ಸುತ್ತು ತಿರುಗಲು, ಆಕ್ಸಲ್ಲಿಗೆ ಶಕ್ತಿ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಬೇಕು. ಕ್ರೌನ್ ಚಕ್ರದ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಈ ಅಂಕಿ: 41 ಹಲ್ಲಿನ ಕ್ರೌನ್, 10 ಹಲ್ಲಿನ ಪಿನಿಯನ್. ಅದೇ ಕ್ರೌನಿಗೆ 9 ಹಲ್ಲಿನ ಪಿನಿಯನ್ ಕೂಡಿಸಿದರೆ 4.56. 39ಕ್ಕೆ 8 ಸೇರಿದರೆ 4.88. ಮಾತಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ಮೆಕ್ಯಾನಿಕ್ ಅದನ್ನೇ 'ಲೋ ಗೇರ್' ಎನ್ನುತ್ತಾರೆ. ಆರ್ಡರ್ ಕೊಡುವಾಗ 'ಹೈ', 'ಲೋ' ಎನ್ನದೆ ಅಂಕಿಯನ್ನೇ ಬರೆದುಕೊಡಿ.

ಈಗ ಒಳಗಿರುವುದು ಯಾವುದು?

ಕೆಲವು ಆಕ್ಸಲ್‌ಗಳಲ್ಲಿ ಡಿಫರೆನ್ಷಿಯಲ್ (ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ಮುಚ್ಚಳದ ಬೋಲ್ಟಿಗೆ ಸಣ್ಣ ತಗಡಿನ ಚೀಟಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಕಂಪನಿಯ ಫಲಕದ ಮೇಲೆ ಸಂಕೇತ ಇರುತ್ತದೆ. ಹಳೆಯ ಗಾಡಿಯಾದರೆ ಎರಡನ್ನೂ ಪೂರ್ತಿ ನಂಬಬೇಡಿ. ನಿಮಗಿಂತ ಮುಂಚಿನ ಮಾಲೀಕರು ಒಳಗಿನ ಗೇರು ಬದಲಿಸಿ, ಹೊರಗಿನ ಚೀಟಿಯನ್ನು ಹಾಗೆಯೇ ಬಿಟ್ಟಿರಬಹುದು.

ಖಚಿತವಾದ ದಾರಿ ಎಣಿಸುವುದು. ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಟೈರಿನ ಮೇಲೊಂದು, ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಚಕ್ರವನ್ನು ಕೈಯಿಂದ 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಬದಿಯಿಂದ ಬಗ್ಗಿ ಶಾಫ್ಟಿನ ಸುತ್ತು ಎಣಿಸಲಿ. ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿ ನಿಂತಿರುವುದರಿಂದ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ಅರ್ಧದಷ್ಟು, ಅಂದರೆ 10 ಸುತ್ತು ತಿರುಗುತ್ತದೆ. ಶಾಫ್ಟ್ 41 ಸುತ್ತು ತಿರುಗಿದ್ದರೆ ಒಳಗಿರುವುದು 4.10. ಎರಡೇ ಸುತ್ತು ತಿರುಗಿಸಿ ಕಣ್ಣಂದಾಜಿನಲ್ಲಿ ಹೇಳಿದರೆ 3.92 ಮತ್ತು 4.10ರ ನಡುವಿನ ಅಂತರ ಕೈತಪ್ಪುತ್ತದೆ.

ಟೈರನ್ನು ನೆಲದ ಮೇಲೆ ಅಳೆಯಿರಿ

ಟೈರಿನ ಪಕ್ಕದ ಬರಹದಿಂದ ವ್ಯಾಸ ಸಿಗುತ್ತದೆ. 245/75ಆರ್16 ಎಂದಿದ್ದರೆ 245ರ ಶೇ 75, ಅದರ ಎರಡರಷ್ಟು, ಅದಕ್ಕೆ 16 ಇಂಚಿನ ರಿಮ್‌ನ 406.4 ಮಿ.ಮೀ. ಸೇರಿಸಿದರೆ ಸುಮಾರು 774 ಮಿ.ಮೀ. ಆಗುತ್ತದೆ. ಅದೇ ರಿಮ್ಮಿಗೆ 315/75 ಹಾಕಿದರೆ 879 ಮಿ.ಮೀ. ವ್ಯಾಸ 105 ಮಿ.ಮೀ. ಹೆಚ್ಚಿತು, ಆಕ್ಸಲ್ ಅದರ ಅರ್ಧದಷ್ಟು, ಅಂದರೆ ಸುಮಾರು 52 ಮಿ.ಮೀ. ಮೇಲೇರಿತು. ಇಷ್ಟೆಲ್ಲ ಖರ್ಚು ಮಾಡಿದ್ದು ಈ 52 ಮಿ.ಮೀ.ಗಾಗಿ.

ಆದರೆ ಬರಹದ ಅಳತೆ ಹೊರೆ ಹೊತ್ತ ಟೈರಿನದಲ್ಲ. ಗಾಡಿಯ ಭಾರಕ್ಕೆ ಟೈರ್ ಕೆಳಗೆ ಚಪ್ಪಟೆಯಾಗುತ್ತದೆ, ಹಾಗಾಗಿ ಒಂದು ಸುತ್ತಿಗೆ ಅದು ಕ್ರಮಿಸುವ ದೂರ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಟೈರಿನ ತಳದಲ್ಲಿ, ಅದು ನೆಲ ಮುಟ್ಟುವ ಕಡೆ, ಟೈರಿಗೂ ನೆಲಕ್ಕೂ ಒಂದೇ ಗೆರೆ ಎಳೆಯಿರಿ. ಗಾಡಿಯನ್ನು ನೇರವಾಗಿ ತಳ್ಳಿ, ಗೆರೆ ಮತ್ತೆ ತಳಕ್ಕೆ ಬಂದಾಗ ನಿಲ್ಲಿಸಿ, ಟೇಪು ಹಿಡಿಯಿರಿ. ಆ ದೂರವನ್ನು 3.14ರಿಂದ ಭಾಗಿಸಿದರೆ ನಿಜವಾಗಿ ಕೆಲಸ ಮಾಡುವ ವ್ಯಾಸ ಸಿಗುತ್ತದೆ. ಹಳೆಯ ಟೈರ್ ಬಿಚ್ಚುವ ಮುನ್ನ ಅದನ್ನೂ ಹೀಗೆಯೇ ಅಳೆದಿಡಿ. ಒಮ್ಮೆ ಹಳೆಯ ಟೈರುಗಳನ್ನು ಕೊಟ್ಟ ಮೇಲೆ ನನಗೆ ಅಳೆಯಬೇಕಿತ್ತು ಎಂಬುದು ನೆನಪಾಯಿತು. ಸವೆದ ಟೈರಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಲೆಕ್ಕಕ್ಕೆ ಸಿಗದೇ ಹೋಯಿತು.

ಲೆಕ್ಕ

ಸೂತ್ರ ಒಂದೇ ಸಾಲಿನದು: ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ಟೈರಿನ ವ್ಯಾಸದಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 4.10 × 879 ÷ 774 = 4.66. ಗೇರು ಬದಲಿಸದೆ ಬಿಟ್ಟರೆ ನಿಮ್ಮ 4.10 ಹಳೆಯ ಟೈರಿನ ಮೇಲಿನ 3.61ರಂತೆ ವರ್ತಿಸುತ್ತದೆ. ಏರಿನಲ್ಲಿ ಎಂಜಿನ್ ಏದುಸಿರು ಬಿಡುವುದು ಇದಕ್ಕೇ.

4.66 ಯಾರೂ ಮಾರುವುದಿಲ್ಲ. ಸಿಗುವುದು 4.56 ಅಥವಾ 4.88. ಈ ಎರಡರ ನಡುವೆ ನಿಂತಾಗ ಹೆದ್ದಾರಿಯ ಆರ್‌ಪಿಎಂ ನೋಡಬೇಕು. ಗಂಟೆಗೆ ಎಷ್ಟು ಕಿ.ಮೀ. ಎಂಬುದನ್ನು ಆಕ್ಸಲ್ ಅನುಪಾತ, ಕೊನೆಯ ಗೇರಿನ ಅನುಪಾತ ಮತ್ತು 5.305 ಎಂಬ ಸ್ಥಿರಾಂಕದಿಂದ ಗುಣಿಸಿ, ಮೀಟರಿನಲ್ಲಿರುವ ಟೈರಿನ ವ್ಯಾಸದಿಂದ ಭಾಗಿಸಿದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಅಂದರೆ ಆರ್‌ಪಿಎಂ ಸಿಗುತ್ತದೆ. ಕೊನೆಯ ಗೇರು 0.80 ಎಂದುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಳೆಯ ಟೈರಿನೊಂದಿಗೆ ಎಂಜಿನ್ ಸುಮಾರು 2,250 ಆರ್‌ಪಿಎಂನಲ್ಲಿ ಓಡುತ್ತಿತ್ತು. ಟೈರ್ ಮಾತ್ರ ಬದಲಿಸಿದರೆ 1,980ಕ್ಕೆ ಬೀಳುತ್ತದೆ. 4.56 ಹಾಕಿದರೆ 2,200, 4.88 ಹಾಕಿದರೆ 2,360.

ಇನ್ನು ಕಲ್ಲುಹಾದಿಯ ಲೆಕ್ಕ. ಫೋರ್ ವೀಲ್ ಗಾಡಿಯಲ್ಲಿ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್; ಅದರ ನಿಧಾನದ, ಹೆಚ್ಚು ಎಳೆತದ ಗೇರು ಲೋ ರೇಂಜ್. ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ ಮತ್ತು ಆಕ್ಸಲ್, ಮೂರರ ಗುಣಲಬ್ಧವೇ ತೆವಳು ಅನುಪಾತ. ಮೊದಲ ಗೇರು 4.0, ಲೋ ರೇಂಜ್ 2.5 ಇದ್ದರೆ 4.10ಕ್ಕೆ 41 ಬರುತ್ತದೆ. ಎಂಜಿನ್ 800 ಆರ್‌ಪಿಎಂನಲ್ಲಿ ಸುಮ್ಮನೆ ತಿರುಗುತ್ತಿರುವಾಗ ಹಳೆಯ ಟೈರಿನ ಮೇಲೆ ಗಾಡಿ ಗಂಟೆಗೆ 2.85 ಕಿ.ಮೀ. ವೇಗದಲ್ಲಿ ತೆವಳುತ್ತದೆ. ದೊಡ್ಡ ಟೈರಿನಲ್ಲಿ ಅದು 3.23. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ನಿಜ. ಚಕ್ರ ಬಂಡೆಯ ಅಂಚಿನಿಂದ ಇಳಿಯುತ್ತಿರುವ ಕ್ಷಣದಲ್ಲಿ ಈ ಅಂತರ ಮೈಗೆ ತಾಗುತ್ತದೆ. 4.56 ಅದನ್ನು 2.91ಕ್ಕೆ ತರುತ್ತದೆ, 4.88 ಮಾತ್ರ ಹಳೆಯದಕ್ಕಿಂತ ಕೆಳಗೆ, 2.72ಕ್ಕೆ ಇಳಿಸುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ: ಎರಡರ ನಡುವೆ ಸಿಕ್ಕಿಬಿದ್ದರೆ ದೊಡ್ಡ ಅಂಕಿಯ ಕಡೆ ವಾಲಿ. ಸೂತ್ರ ವ್ಯಾಸವನ್ನಷ್ಟೇ ಬಲ್ಲದು. ದೊಡ್ಡ ಟೈರಿನ ಹೆಚ್ಚಿನ ತೂಕ, ಎತ್ತರವಾದ ಗಾಡಿಗೆ ಬಡಿಯುವ ಗಾಳಿ, ಮುಂದಿನ ವಿಂಚು, ಮೇಲಿನ ಕ್ಯಾರಿಯರ್, ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕಡಿಮೆ ಸುತ್ತಿನಲ್ಲೇ ಎಳೆಯುವ ಡೀಸೆಲ್ ಎಂಜಿನ್ನಾಗಿದ್ದು, ಬಹುಪಾಲು ಓಟ ಹೆದ್ದಾರಿಯಲ್ಲೇ ಆದರೆ ಸಣ್ಣ ಅಂಕಿ ಸಾಕು.

ಆರ್ಡರ್ ಕೊಡುವ ಮುನ್ನ

ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡರ ಗೇರನ್ನೂ ಬದಲಿಸಲೇಬೇಕು. ಹಿಂದೆ 4.88, ಮುಂದೆ 4.10 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡು ಶಾಫ್ಟುಗಳು ಒಂದನ್ನೊಂದು ತಿರುಚಿ, ಬಿಗಿಹಿಡಿದು, ಕೊನೆಗೆ ಯಾವುದೋ ಒಂದು ಮುರಿಯುತ್ತದೆ. 4.10 ಮತ್ತು 4.11ರಂಥ ಕೂದಲೆಳೆಯ ವ್ಯತ್ಯಾಸಕ್ಕೆ ಮಾತ್ರ ರಿಯಾಯಿತಿ.

ಅಂಕಿ ಮೇಲೇರಿದಂತೆ ಪಿನಿಯನ್ ಸಣ್ಣದಾಗುತ್ತದೆ. 10 ಹಲ್ಲಿನದನ್ನೂ 8 ಹಲ್ಲಿನದನ್ನೂ ಪಕ್ಕಪಕ್ಕ ಕೈಯಲ್ಲಿ ಹಿಡಿದು ನೋಡಿ, ತಲೆಯ ಗಾತ್ರದ ವ್ಯತ್ಯಾಸ ಮುಷ್ಟಿಗೇ ತಿಳಿಯುತ್ತದೆ. ಸಣ್ಣ ಆಕ್ಸಲ್‌ನಲ್ಲಿ ಅತಿ ದೊಡ್ಡ ಅಂಕಿಗೆ ಹೋದಷ್ಟೂ ಹಲ್ಲು ಮುರಿಯುವ ಅಪಾಯ ಹೆಚ್ಚು. ಜೊತೆಗೆ ಕ್ರೌನ್ ಕೂರುವ ಕ್ಯಾರಿಯರ್ ಕೂಡ ಎಲ್ಲ ಅಂಕಿಗಳಿಗೂ ಒಂದೇ ಅಲ್ಲ. ಉದಾಹರಣೆಗೆ ಡಾನಾ 44 ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಲಾಕರ್ (ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಾಧನ) ಹಾಕಿಸುವ ಆಸೆ ಇದ್ದರೆ ಆಕ್ಸಲ್ ಬಿಚ್ಚಿದಾಗಲೇ ಮುಗಿಸಿಕೊಳ್ಳಿ, ಒಂದೇ ಕೂಲಿಯಲ್ಲಿ ಎರಡು ಕೆಲಸ.

ಜೋಡಿಸುವಾಗ

ಈ ಕೆಲಸವನ್ನು ಅನುಭವಿ ಕೈಗೇ ಒಪ್ಪಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಪಿನಿಯನ್ ಆಳವನ್ನು, ಅಂದರೆ ಅದು ಕ್ರೌನಿಗೆ ಎಷ್ಟು ಹತ್ತಿರ ಕೂರಬೇಕು ಎಂಬುದನ್ನು, ಕೂದಲಿನಷ್ಟು ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್‌ಗಳಿಂದ ಹೊಂದಿಸುತ್ತಾರೆ. ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಬಹುತೇಕ ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿ.ಮೀ. ಒಳಗಿರಬೇಕು, ಅದನ್ನು ಡಯಲ್ ಗೇಜಿನಲ್ಲೇ ಅಳೆಯಬೇಕು. ಕೊನೆಗೆ ಹಲ್ಲುಗಳಿಗೆ ಬಣ್ಣದ ಪೇಸ್ಟು ಸವರಿ ತಿರುಗಿಸುತ್ತಾರೆ. ಬಣ್ಣ ಅಳಿಸಿದ ಗುರುತು ಹಲ್ಲಿನ ಎತ್ತರದ ನಡುಮಧ್ಯದಲ್ಲಿ ಮೂಡಿದರೆ ಆಳ ಸರಿಯಿದೆ. ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ಆ ಗುರುತಿನ ಚಿತ್ರ ತೆಗೆದಿಟ್ಟುಕೊಳ್ಳಿ. ಪೇಸ್ಟು ಹಚ್ಚದೆ ಮುಚ್ಚಳ ಹಾಕಲು ಹೊರಟರೆ ತಡೆಯಿರಿ.

ಸ್ಪೀಡೊಮೀಟರ್ ವೇಗವನ್ನು ಎಲ್ಲಿಂದ ಓದುತ್ತದೆ ಎಂದು ಕೇಳಿ ತಿಳಿಯಿರಿ. ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನಿಂದ ಓದುವ ಗಾಡಿಯಲ್ಲಿ ಗೇರು ಬದಲಿಸುವವರೆಗೆ ಮುಳ್ಳು 100 ತೋರಿಸುವಾಗ ನಿಜವಾದ ವೇಗ ಸುಮಾರು 113.5 ಇರುತ್ತದೆ. ಹೊಸ ಗೇರು ಬಂದ ಮೇಲೆ ತಪ್ಪು ಬಹುತೇಕ ತಾನಾಗಿಯೇ ಸರಿಯಾಗುತ್ತದೆ. ಚಕ್ರದ ಸೆನ್ಸರಿನಿಂದ ಓದುವ ಗಾಡಿಗೆ ಗೇರಿನ ಬದಲಾವಣೆ ಕಾಣುವುದೇ ಇಲ್ಲ, ಅಲ್ಲಿ ಟೈರಿನ ಅಳತೆಯನ್ನೇ ಕಂಪ್ಯೂಟರಿಗೆ ತಿಳಿಸಬೇಕು.

ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗುವಾಗ ತುಂಬ ಬಿಸಿಯಾಗುತ್ತವೆ. ಮೊದಲ ಓಟ 15–20 ನಿಮಿಷ, ಹಗುರವಾಗಿ. ಆಮೇಲೆ ಗಾಡಿ ನಿಲ್ಲಿಸಿ ಆಕ್ಸಲ್ ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ ಆಗಲಿ. ಮೊದಲ 800 ಕಿ.ಮೀ. ಭಾರ ಎಳೆಯುವುದು, ಬಂಡೆ ಹತ್ತುವುದು ಬೇಡ. 800 ಮುಗಿದ ದಿನ ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಇಳಿಸಿ. ಡ್ರೇನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಪುಡಿ ಅಂಟಿದ್ದರೆ ಅದು ಸಹಜ, ಒರೆಸಿ ಹೊಸ ಎಣ್ಣೆ ತುಂಬಿ. ಉಗುರಿಗೆ ಸಿಗುವಂಥ ಲೋಹದ ಚೂರು ಕಂಡರೆ ಗಾಡಿ ಚಾಲೂ ಮಾಡದೆ, ಜೋಡಿಸಿದವರನ್ನೇ ಅಲ್ಲಿಗೆ ಕರೆಸಿ.