ಪಿಕಳಾರ ಬಿತ್ತಿದ ಗಂಧ

ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಿಂದ, ಬೆಳೆದವನೇ ಶ್ರೀಗಂಧದ ಒಡೆಯ ಎಂದಾಯಿತಲ್ಲ, ಆ ಧೈರ್ಯದ ಮೇಲೆ ತಿಪಟೂರು ಸೀಮೆಯ ನಮ್ಮ ಹೊಲಕ್ಕೆ ಅರವತ್ತು ಸಸಿ ತಂದು ನೆಟ್ಟೆ. ಹುಲ್ಲುಕಡ್ಡಿ ಉಳಿಯದಂತೆ ಕಳೆ ತೆಗೆಸಿದೆ, ಡ್ರಿಪ್ ಹಾಕಿಸಿದೆ. ಎರಡನೇ ಬೇಸಿಗೆಗೆ ಎಲೆ ಹಳದಿಗಟ್ಟಿ ಅರ್ಧಕ್ಕರ್ಧ ಒಣಗಿಹೋದವು. ಯಾರೂ ನೆಡದ, ನೀರೇ ಕಾಣದ ಗಂಧದ ಗಿಡಗಳು ಮಾತ್ರ ಬೇಲಿಸಾಲಿನಲ್ಲಿ ಎದೆಮಟ್ಟ ನಿಂತಿದ್ದವು.

ಬೇಲಿ ಸವರಲು ಮಚ್ಚು ಹಿಡಿದು ಹೊರಟಾಗ ಅವ್ವ ತಡೆದಳು. "ಬೇಡ ಕಣಪ್ಪ, ಅದರೊಳಗೆ ಗಂಧ ಐತೆ, ಹಕ್ಕಿ ಹಾಕಿದ್ದು."

ಬೇವಿನ ಬುಡದ ಒಂದು ಗಿಡದ ಪಕ್ಕ ಮಣ್ಣು ಮೆಲ್ಲಗೆ ಕೆದಕಿ ನೋಡಿದೆ. ಗಂಧದ ಎಳೆಬೇರು ಬೇವಿನ ಬೇರಿನ ಮೇಲೆ ಸಣ್ಣ ಗುಬಟಾಗಿ ಕಚ್ಚಿಕೊಂಡಿತ್ತು. ಎಳೆದರೂ ಬಿಡಲಿಲ್ಲ. ಗಂಧ ತನ್ನ ಅನ್ನ ತಾನು ಬೇಯಿಸಿಕೊಂಡರೂ ನೀರು, ಸಾರ ಬೇರೆ ಗಿಡದಿಂದ ಹೀರಬೇಕು. ನಾನು ಕಳೆ ಎಂದು ಕಿತ್ತೆಸೆದದ್ದು ಅದರ ಆಸರೆಯನ್ನೇ.

ಪಿಕಳಾರ, ಕೋಗಿಲೆ ಕಪ್ಪಗೆ ಹಣ್ಣಾದ ಗಂಧವನ್ನು ಇಡಿಯಾಗಿ ನುಂಗುತ್ತವೆ. ಬಯಲಲ್ಲಿ ಅವು ಕೂರುವುದಿಲ್ಲ. ಜಾಲಿ, ಬೇವು, ಹೊಂಗೆ ಹುಡುಕಿ ಕೂರುತ್ತವೆ. ಬೀಜ ಬೀಳುವುದೂ ಅಲ್ಲೇ, ನೆರಳಿನಲ್ಲಿ, ಆಸರೆ ಗಿಡದ ಬೇರಿನ ಪಕ್ಕದಲ್ಲೇ. ತಾಯಿಮರದ ಕೆಳಗೇ ಉದುರಿದ ಹಣ್ಣಿಗೆ ಈ ಭಾಗ್ಯವಿಲ್ಲ.

ಆಮೇಲೆ ನಾನು ಹಕ್ಕಿಯ ದಾರಿಯನ್ನೇ ಹಿಡಿದೆ. ಹಣ್ಣಿನ ಕಾಲದಲ್ಲಿ ಜಾಲಿಮರದಡಿ ಅವ್ವನ ಹಳೇ ಸೀರೆ ಹಾಸಿದರೆ ಬೆಳಿಗ್ಗೆ ನೇರಳೆ ಕಲೆಗಳ ನಡುವೆ ತಿರುಳು ಕಳಚಿದ ಬೀಜ ಸಿಗುತ್ತವೆ, ಮೆಣಸಿನ ಕಾಳಿಗಿಂತ ತುಸು ದಪ್ಪ. ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಹೊಸ ಬೀಜ ಸುಮಾರು ಎರಡು ತಿಂಗಳು ನಿದ್ದೆಯಲ್ಲಿರುತ್ತದೆ. ಅವಸರವಿದ್ದರೆ, ಬೀಜವನ್ನು ನಿದ್ದೆಯಿಂದ ಎಬ್ಬಿಸುವ ಜಿಬ್ಬರೆಲಿಕ್ ಆಮ್ಲವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕಲಸಿ (ಮೊದಲು ಚೂರು ಸ್ಪಿರಿಟ್‌ನಲ್ಲಿ ಕರಗಿಸಬೇಕು, ಬರೀ ನೀರಿಗೆ ಸರಿಯಾಗಿ ಕರಗದು) ಒಂದು ರಾತ್ರಿ ನೆನೆಸಿ ಮರಳಿನ ಪಾತಿಗೆ ಹಾಕುತ್ತೇನೆ. ನಾಲ್ಕಾರು ಎಲೆ ಬಂದಾಗ ಚೀಲಕ್ಕೆ ಬದಲಿಸಿ, ಜೊತೆಗೆ ಎರಡು ತೊಗರಿ ಕಾಳು ಊರುತ್ತೇನೆ. ತೊಗರಿ ಎತ್ತರ ಬೆಳೆದು ಕತ್ತಲು ಮಾಡಿದರೆ ಕುಡಿ ಚಿವುಟಬೇಕು.

ಹೊಲದಲ್ಲಿ ಈಗ ಪ್ರತಿ ಗಂಧಕ್ಕೂ ಹೊಂಗೆಯೋ ನೆಲ್ಲಿಯೋ ಜೊತೆಗಿದೆ. ಬೇಲಿಯನ್ನು ಹಾಗೇ ಬಿಟ್ಟಿದ್ದೇನೆ. ಮೊನ್ನೆ ಮಳೆ ಬಿದ್ದಮೇಲೆ ಕಳ್ಳಿಯ ಬುಡದಲ್ಲಿ ಇನ್ನೂ ಮೂರು ಎದ್ದಿವೆ.