ಎಂಟು ಚಿತ್ರಗಳಲ್ಲಿ ಒಂದು ನಡಿಗೆ

ಗುಂಡು ತಲೆ, ಒಂದು ಮೈ, ಎರಡು ಕೈ, ಎರಡು ಕಾಲು. ಇಷ್ಟು ಬರೆಯಲು ಬಂದರೆ ಸಾಕು, ಆ ಗೊಂಬೆಯನ್ನು ಅನಿಮೇಷನ್‌ನಲ್ಲಿ ನಡೆಸಬಹುದು. ಆದರೆ ಮೊದಲ ಸಲ ಮಾಡಿದಾಗ ಅದು ನಡೆಯುವುದಿಲ್ಲ, ಕತ್ತರಿಯ ಹಾಗೆ ಕಾಲು ಆಡಿಸುತ್ತಾ ನೆಲದ ಮೇಲೆ ಜಾರುತ್ತದೆ. ಚಿತ್ರ ಜಾಸ್ತಿ ಮಾಡಿದರೆ ಸರಿಹೋಗಬಹುದು ಅನಿಸುತ್ತದೆ ಅಲ್ವಾ? ಸರಿಹೋಗುವುದಿಲ್ಲ. ನಡಿಗೆ ನಯವಾಗಲು ಬೇಕಾದದ್ದು ಎರಡೇ: ಮೈ ಏರಿ ಇಳಿಯಬೇಕು, ನೆಲ ಮುಟ್ಟಿದ ಪಾದ ಪ್ರತಿ ಚಿತ್ರದಲ್ಲೂ ಒಂದೇ ಅಳತೆಯಷ್ಟು ಹಿಂದೆ ಸರಿಯಬೇಕು.

ಕಂಪ್ಯೂಟರ್ ಇದ್ದರೆ ಪೆನ್ಸಿಲ್‌ಟೂಡಿ ಅಥವಾ ಕ್ರಿಟಾ ಎಂಬ ಚಿತ್ರ ಬರೆದು ಓಡಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ. ಮೊಬೈಲ್‌ಗೆ ಫ್ಲಿಪಾಕ್ಲಿಪ್ ಇದೆ. ಯಾವುದಾದರೂ ಸರಿ, ಅದರಲ್ಲಿ ಆನಿಯನ್ ಸ್ಕಿನ್ ಆನ್ ಮಾಡಿ. ಆಗ ಹಿಂದಿನ ಚಿತ್ರ ಮಸುಕಾಗಿ ಕೆಳಗೆ ಕಾಣುತ್ತದೆ. ವೇಗವನ್ನು ಸೆಕೆಂಡಿಗೆ 8 ಫ್ರೇಮ್ ಎಂದು ಇಡಿ. ಎಂಟು ಚಿತ್ರ, ಎರಡು ಹೆಜ್ಜೆ, ಒಂದು ಸೆಕೆಂಡ್. ಅವಸರವಿಲ್ಲದೆ ನಡೆಯುವವರ ವೇಗ ಸುಮಾರು ಇಷ್ಟೇ.

ಗೊಂಬೆಯ ಎತ್ತರ 16 ಸೆಂ.ಮೀ., ಕಾಲಿನ ಉದ್ದ 8 ಸೆಂ.ಮೀ. ಇರಲಿ. ಬಲಗಾಲು, ಬಲಗೈಗೆ ಕೆಂಪು, ಎಡದವಕ್ಕೆ ನೀಲಿ ಬಣ್ಣ ಕೊಡಿ. ಬಣ್ಣ ಬೇಡ ಅಂತ ಬಿಟ್ಟರೆ ಮೂರನೇ ಚಿತ್ರಕ್ಕೇ ಯಾವ ಕಾಲು ಯಾವುದು ಅಂತ ತಿಳಿಯುವುದಿಲ್ಲ. ನೆಲಕ್ಕೆ ಒಂದು ಗೆರೆ ಎಳೆಯಿರಿ.

ಈಗ ನಾಲ್ಕು ಮುಖ್ಯ ಭಂಗಿಗಳು. ಗೊಂಬೆ ಬಲಕ್ಕೆ ನಡೆಯುತ್ತಿದೆ ಅಂದುಕೊಳ್ಳಿ. ಆದರೆ ಚಿತ್ರದಲ್ಲಿ ಅದು ಇದ್ದಲ್ಲೇ ಇರುತ್ತದೆ, ಹಿಂದೆ ಸರಿಯುವುದು ಕಾಲಡಿಯ ನೆಲ. ಮೊದಲನೆಯದು ಕಾಂಟ್ಯಾಕ್ಟ್: ಬಲಗಾಲು ಮುಂದೆ, ಹಿಮ್ಮಡಿ ಆಗಷ್ಟೇ ನೆಲ ಮುಟ್ಟಿದೆ. ಎಡಗಾಲು ಹಿಂದೆ, ಬೆರಳ ತುದಿ ಮಾತ್ರ ನೆಲದ ಮೇಲಿದೆ. ಕೈಗಳು ಉಲ್ಟಾ, ಅಂದರೆ ಎಡಗೈ ಮುಂದೆ. ಎರಡನೆಯದು ಡೌನ್: ಮೈಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ, ಮಂಡಿ ಬಗ್ಗುತ್ತದೆ, ಪಾದ ಪೂರ್ತಿ ನೆಲಕ್ಕೆ ಕೂರುತ್ತದೆ. ಕೈಗಳು ಅತಿ ಹೆಚ್ಚು ಚಾಚಿಕೊಳ್ಳುವುದು ಇಲ್ಲಿ. ಮೂರನೆಯದು ಪಾಸಿಂಗ್: ಬಲಗಾಲು ಹೆಚ್ಚುಕಡಿಮೆ ನೇರ, ಎಡಗಾಲು ಮಂಡಿ ಮಡಚಿ ಅದರ ಪಕ್ಕ ಹಾದುಹೋಗುತ್ತದೆ. ನಾಲ್ಕನೆಯದು ಅಪ್: ಬಲ ಹಿಮ್ಮಡಿ ಮೇಲೆದ್ದು ಮೈಯನ್ನು ಮುಂದೆ ತಳ್ಳುತ್ತದೆ, ಎಡಗಾಲು ಮುಂದಕ್ಕೆ ಚಾಚುತ್ತದೆ.

ಎತ್ತರದ ಲೆಕ್ಕ ಹೀಗೆ. ಕಾಂಟ್ಯಾಕ್ಟ್‌ನಲ್ಲಿ ತಲೆ ಇರುವ ಮಟ್ಟಕ್ಕೆ ಅಡ್ಡ ಗೆರೆ ಎಳೆಯಿರಿ. ಡೌನ್‌ನಲ್ಲಿ ತಲೆ ಅದಕ್ಕಿಂತ 4 ಮಿ.ಮೀ. ಕೆಳಗೆ, ಪಾಸಿಂಗ್‌ನಲ್ಲಿ 3 ಮಿ.ಮೀ. ಮೇಲೆ, ಅಪ್‌ನಲ್ಲಿ 5 ಮಿ.ಮೀ. ಮೇಲೆ. ತಲೆಯೊಂದೇ ಅಲ್ಲ, ಸೊಂಟವೂ ಅಷ್ಟೇ ಏರಿಳಿಯಬೇಕು.

ನಿಜವಾದ ನಡಿಗೆಯಲ್ಲಿ ಇದು ಸ್ವಲ್ಪ ಬೇರೆ. ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಚಲನೆಯನ್ನು ಹಂತ ಹಂತವಾಗಿ ತೋರಿಸುವ ಫೋಟೊಗಳ 781 ಹಾಳೆಗಳನ್ನು ಹೊರತಂದರು. ಹಲವು ಫೋಟೊಗಳ ಹಿಂದೆ ಚೌಕುಳಿ ಪರದೆ ಇದೆ. ಹಾಗಾಗಿ ತಲೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಚೌಕಗಳನ್ನು ನೋಡಿಯೇ ತಿಳಿಯಬಹುದು. ನಾವು ನಡೆಯುವಾಗ ತಲೆ ಅತಿ ಎತ್ತರದಲ್ಲಿರುವುದು ಸುಮಾರು ಪಾಸಿಂಗ್ ಹೊತ್ತಿಗೆ. ಅನಿಮೇಟರ್‌ಗಳು ಅದನ್ನು ಬೇಕೆಂದೇ ಅಪ್‌ವರೆಗೆ ತಡಮಾಡುತ್ತಾರೆ, ಇಳಿತವನ್ನೂ ಡೌನ್‌ವರೆಗೆ ತಡಮಾಡುತ್ತಾರೆ. ಆಗ ಮೈಗೆ ತೂಕ ಬರುತ್ತದೆ. ಬರೆದ ಗೊಂಬೆಗೆ ತನ್ನದೇ ತೂಕ ಇರುವುದಿಲ್ಲ, ನಾವೇ ಕೊಡಬೇಕು.

ಇನ್ನು ಪಾದ. ಜಾರುವ ತೊಂದರೆಯ ಮೂಲ ಇದೇ, ಆದ್ದರಿಂದ ಸ್ಕೇಲ್ ಹಿಡಿದು ಕೂರಿ. ಸೊಂಟದಿಂದ ನೆಲಕ್ಕೆ ನೇರ ಗೆರೆ ಇಳಿಸಿ. ಕಾಂಟ್ಯಾಕ್ಟ್‌ನಲ್ಲಿ ಬಲಪಾದ ಆ ಗೆರೆಯಿಂದ 4 ಸೆಂ.ಮೀ. ಮುಂದೆ. ಡೌನ್‌ನಲ್ಲಿ 2 ಸೆಂ.ಮೀ. ಮುಂದೆ. ಪಾಸಿಂಗ್‌ನಲ್ಲಿ ಗೆರೆಯ ಮೇಲೆಯೇ. ಅಪ್‌ನಲ್ಲಿ 2 ಸೆಂ.ಮೀ. ಹಿಂದೆ. ಮುಂದಿನ ಕಾಂಟ್ಯಾಕ್ಟ್‌ಗೆ 4 ಸೆಂ.ಮೀ. ಹಿಂದೆ. ಪ್ರತಿ ಸಲವೂ ಸರಿಯಾಗಿ 2 ಸೆಂ.ಮೀ. ಒಂದು ಕಡೆ ಒಂದೂವರೆ, ಇನ್ನೊಂದು ಕಡೆ ಎರಡೂವರೆ ಆದರೆ ಕಣ್ಣು ಕೂಡಲೇ ಹಿಡಿಯುತ್ತದೆ. ಅಳೆಯುವಾಗ ಪಾದದ ಒಂದೇ ಜಾಗವನ್ನು ಹಿಡಿಯಿರಿ, ಹೆಬ್ಬೆರಳಿನ ಬುಡ ಅನುಕೂಲ. ಗಾಳಿಯಲ್ಲಿರುವ ಪಾದಕ್ಕೆ ಈ ನಿಯಮ ಇಲ್ಲ, ಅದು ಬಾಗಿದ ದಾರಿಯಲ್ಲಿ ಮುಂದೆ ಬಂದರೆ ಸಾಕು.

ಉಳಿದ ನಾಲ್ಕು ಚಿತ್ರ ಸುಲಭ. ಮೊದಲ ನಾಲ್ಕನ್ನೇ ನಕಲು ಮಾಡಿ, ಕೆಂಪು ಇದ್ದಲ್ಲಿ ನೀಲಿ, ನೀಲಿ ಇದ್ದಲ್ಲಿ ಕೆಂಪು ಮಾಡಿ. ಎಂಟನೆಯದರ ನಂತರ ಒಂದನೆಯದು ತಾನಾಗಿ ಬರುತ್ತದೆ. ಒಂಬತ್ತನೆಯದು ಅಂತ ಮತ್ತೆ ಅದನ್ನೇ ಬರೆದರೆ ಪ್ರತಿ ಸುತ್ತಿಗೂ ಗೊಂಬೆ ಒಂದು ಕ್ಷಣ ತಡವರಿಸುತ್ತದೆ.

ಓಡಿಸಿ ನೋಡಿ. ಮಂಡಿ ಪಟ್ಟನೆ ಜಿಗಿದಂತೆ ಕಂಡರೆ ಎಲ್ಲೋ ಕಾಲು ಕೋಲಿನಷ್ಟು ನೇರವಾಗಿದೆ, ತುಸು ಬಗ್ಗಿಸಿ. ತೊಡೆ ಒಂದು ಚಿತ್ರದಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ ಆಗಿದ್ದರೂ ನಡುಕ ಕಾಣುತ್ತದೆ. ತೊಡೆಯ ಉದ್ದಕ್ಕೆ ಒಂದು ಕಾಗದದ ಪಟ್ಟಿ ಕತ್ತರಿಸಿಟ್ಟು ಎಲ್ಲದಕ್ಕೂ ಅದನ್ನೇ ಇಟ್ಟು ಅಳೆಯಿರಿ. ಎಲ್ಲ ಸರಿಯಾದ ಮೇಲೆ ಮಾತ್ರ ನಡುನಡುವೆ ಒಂದೊಂದು ಚಿತ್ರ ಸೇರಿಸಿ 16 ಮಾಡಿ, ವೇಗವನ್ನೂ 16 ಮಾಡಿ. ಈಗ ಪಾದ ಒಂದೊಂದೇ ಸೆಂ.ಮೀ. ಸರಿಯಬೇಕು.

ಹಿಂದೆ ಬೀದಿಯನ್ನೋ ಮರಗಳನ್ನೋ ಬರೆಯುವ ಆಸೆ ಇದ್ದರೆ ಅದನ್ನೂ ಪಾದದಷ್ಟೇ ಹಿಂದೆ ಸರಿಸಿ. ಒಂದು ಸುತ್ತಿಗೆ 16 ಸೆಂ.ಮೀ. ಆಗುತ್ತದೆ.

ಇಷ್ಟು ಬಂದರೆ ಕೊಡ ಹೊತ್ತವಳನ್ನು ಬರೆದು ನೋಡಿ. ತಲೆಯ ಮೇಲೆ ತುಂಬಿದ ಕೊಡ ಇಟ್ಟು ನಡೆಯುವವರನ್ನು ನೋಡಿದ್ದೀರಲ್ಲ, ನೀರು ತುಳುಕುವುದಿಲ್ಲ. ತಲೆಯ ಗೆರೆ ಎಂಟು ಚಿತ್ರದಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಹೆಜ್ಜೆ 8ರ ಬದಲು 5 ಸೆಂ.ಮೀ. ಸಾಕು. ಏರಿಳಿತವನ್ನೆಲ್ಲ ಮಂಡಿಯೂ ಸೊಂಟವೂ ನುಂಗಿಕೊಳ್ಳಬೇಕು. ಒಂದು ಕೈ ಕೊಡದ ಮೇಲಿರುತ್ತದೆ, ಬೀಸುವುದು ಇನ್ನೊಂದೇ.